ಹಳೆಯ ಲೋಕದ ಒಗಟುಗಳು, ಲೋಪಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ವಾರ್‌ಹ್ಯಾಮರ್ ಎಂಬ ಯುದ್ಧದಾಟದ 'ಹಳೆಯ ಲೋಕ'ವೆಂಬ ಕಲ್ಪಿತ ಜಗತ್ತನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಒಂದನ್ನೊಂದು ಹೋಲುವವನ್ನು ಕೂಡಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1983ರಲ್ಲಿ ಹೊರತಂದ ಈ ಆಟದಲ್ಲಿ, ತಾವೇ ಬಣ್ಣ ಬಳಿದ ಪುಟ್ಟ ಗೊಂಬೆಗಳ ಸೈನ್ಯವನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸುತ್ತ ಇಬ್ಬರು ಕಾದಾಡುತ್ತಾರೆ. ಆ ಸೈನ್ಯಗಳಿಗೆ ಒಂದು ಹಿನ್ನೆಲೆ ಬೇಕೆಂದು ಹುಟ್ಟಿದ ಜಗತ್ತು ಆವೃತ್ತಿಯಿಂದ ಆವೃತ್ತಿಗೆ ಬೆಳೆದು, 2015ರಲ್ಲಿ ಕಥೆಯೊಳಗೇ ನಾಶವಾಗಿ, 2024ರಲ್ಲಿ ಅದರ ಹಿಂದಿನ ಶತಮಾನವೊಂದನ್ನು ಎತ್ತಿಕೊಂಡ ಹೊಸ ಆಟದ ಮೂಲಕ ಮತ್ತೆ ತೆರೆದುಕೊಂಡಿದೆ. ಕೆಳಗೆ 'ಶಕೆ' ಎಂದಿರುವಲ್ಲೆಲ್ಲ ಅದು ಆ ಜಗತ್ತಿನ ಮನುಷ್ಯ ಸಾಮ್ರಾಜ್ಯದ ಕಾಲಗಣನೆ. ಬರಿಯ ಇಸವಿಗಳು ನಮ್ಮವು.

ಉತ್ತರಿಸುವಾಗ ಒಂದು ಭೇದವನ್ನು ಮಾತ್ರ ಬಿಡದೆ ಪಾಲಿಸಿದ್ದೇನೆ. ಆ ಜಗತ್ತಿನೊಳಗಿನ ಜನಕ್ಕೆ ಗೊತ್ತಿಲ್ಲದ್ದು ಬೇರೆ, ಅದನ್ನು ಬರೆದವರೇ ಮರೆತದ್ದು ಬೇರೆ. ಮೊದಲನೆಯದು ಒಗಟು, ಎರಡನೆಯದು ಲೋಪ. ಲೋಪಕ್ಕೆ ಒಗಟಿನ ವೇಷ ತೊಡಿಸಿ ಮೆರೆಸುವುದು ಅಭಿಮಾನಿಗಳಾದ ನಮ್ಮೆಲ್ಲರ ಹಳೆಯ ಚಾಳಿ.

ಪ್ರಶ್ನೆ: ಮ್ಯಾಂಡ್ರೆಡ್ ಎಂಬ ಸಾಮ್ರಾಟನಿಗೆ 'ಸ್ಕೇವನ್ ಸಂಹಾರಿ' ಎಂಬ ಬಿರುದೇ ಇದೆ. ಹೀಗಿದ್ದೂ ಅದೇ ಸಾಮ್ರಾಜ್ಯದ ಪಂಡಿತರು ಸ್ಕೇವನ್ ಎಂಬ ಇಲಿಮನುಷ್ಯರು ಇಲ್ಲವೇ ಇಲ್ಲವೆಂದು ಸಾಧಿಸುವುದು ಹೇಗೆ ಸಾಧ್ಯ?

ಉತ್ತರ: ಈ ಬಾರಿ ಅತಿ ಹೆಚ್ಚು ಓದುಗರು ಕೇಳಿದ್ದು ಇದನ್ನೇ, ಮತ್ತು ಅದಕ್ಕೆ ಕಾರಣವೂ ಇದೆ. ಶಕೆ 1111ರಲ್ಲಿ ಸ್ಕೇವನ್‌ಗಳು ಹರಡಿದ ಮಹಾಮಾರಿ ಸಾಮ್ರಾಜ್ಯವನ್ನು ಬರಿದು ಮಾಡಿತು. ಖಜಾನೆ ತುಂಬಿಸುವುದರಲ್ಲೇ ಮುಳುಗಿದ್ದ ಸಾಮ್ರಾಟ ಬೋರಿಸ್ ಆ ರೋಗಕ್ಕೇ ಬಲಿಯಾದ. ನೆಲದಡಿಯಿಂದ ಎದ್ದು ಬಂದ ಇಲಿಸೈನ್ಯವನ್ನು ಮಿಡನ್‌ಹೈಮಿನ ಮ್ಯಾಂಡ್ರೆಡ್ ಸೋಲಿಸಿ ಸಾಮ್ರಾಟನಾದ, ಕೊನೆಗೆ ಸ್ಕೇವನ್ ಹಂತಕನ ಕೈಯಲ್ಲೇ ಸತ್ತ. ಇಷ್ಟು ದೊಡ್ಡ ಸಂಗತಿ ಒಂದು ನಾಡಿನ ನೆನಪಿನಿಂದ ಅಳಿಸಿಹೋಗುವುದು ಸುಲಭವಲ್ಲ.

ಕಥೆಯೊಳಗಿನ ಸಮಜಾಯಿಷಿಗಳು ಹಲವು. ಸಾಮಾನ್ಯ ಜನ ಇಲಿಮನುಷ್ಯನನ್ನು ಕಾಡಿನ ಮೃಗಮಾನವರಲ್ಲೇ ಒಂದು ಬಗೆಯೆಂದು ಭಾವಿಸುತ್ತಾರೆ. ನಗರದ ಚರಂಡಿಗಳ ಕಾವಲಿನವರು ತಾವು ಕಂಡದ್ದನ್ನು ಹೇಳಿದರೆ ಕುಡಿದ ಅಮಲಿನ ಮಾತೆನ್ನಿಸಿಕೊಳ್ಳುತ್ತದೆ. ವಿಶ್ವವಿದ್ಯಾಲಯದಲ್ಲಿ ಆ ಮಾತೆತ್ತಿದ ಪಂಡಿತನಿಗೆ ಕೆಲಸ ಹೋಗುತ್ತದೆ ಅಥವಾ ಹುಚ್ಚನೆಂಬ ಹೆಸರು ಬರುತ್ತದೆ. ಇದಕ್ಕೆ ಇನ್ನೊಂದನ್ನು ನಾನು ಸೇರಿಸುತ್ತೇನೆ. ಸ್ಕೇವನ್‌ಗಳ ದೇಹಕ್ಕೆ ತಡೆಯಲಾರದ ಹಸಿವು. ಯುದ್ಧ ಮುಗಿಯುತ್ತಿದ್ದಂತೆ ತಮ್ಮವರ ಹೆಣಗಳನ್ನೇ ಅವು ತಿಂದು ಮುಗಿಸುತ್ತವೆ. ಮರುದಿನ ಸ್ಥಳಕ್ಕೆ ಬಂದ ಅಧಿಕಾರಿಗೆ ಕಾಣುವುದು ನಾಲ್ಕಾರು ಕಚ್ಚಿದ ಮೂಳೆಗಳು, ಒಂದು ತುಂಡು ಬಾಲ, ಹಸಿರು ಮಿನುಗುವ ಒಂದಿಷ್ಟು ಕಲ್ಲಿನ ಪುಡಿ. ಅಷ್ಟನ್ನಿಟ್ಟುಕೊಂಡು ಯಾವ ನ್ಯಾಯಾಲಯವೂ ಇಲಿಗಳ ಸಾಮ್ರಾಜ್ಯವೊಂದು ಕಾಲ ಕೆಳಗಿದೆಯೆಂದು ತೀರ್ಪು ಕೊಡಲಾರದು.

ಆದರೆ ಇಷ್ಟೆಲ್ಲ ಹೇಳಿದ ಮೇಲೂ ಪ್ರಶ್ನೆ ಉಳಿಯುತ್ತದೆ. ಕುಬ್ಜರು ತಮ್ಮ ಸುರಂಗಗಳಲ್ಲಿ ಸ್ಕೇವನ್‌ಗಳೊಡನೆ ಸಾವಿರಾರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಆ ಕುಬ್ಜರೇ ಸಾಮ್ರಾಜ್ಯದ ಅತ್ಯಂತ ಹಳೆಯ ಮಿತ್ರರು, ರಾಜಧಾನಿ ಆಲ್ಟ್‌ಡಾರ್ಫಿನ ಬೀದಿಗಳಲ್ಲಿ ಅವರ ಅಂಗಡಿಗಳಿವೆ. ಒಬ್ಬ ಕುಬ್ಜನನ್ನು ಕೇಳಿದ್ದರೆ ಸಾಕಿತ್ತು. ಹಾಗಾದರೆ ಬರೆದವರು ಇದನ್ನು ಗಮನಿಸಲಿಲ್ಲವೇ? ಗಮನಿಸಿದರು, ಆದರೆ ಒಂದೇ ಜಗತ್ತನ್ನು ಎರಡು ಆಟಗಳಿಗೆ ಹಂಚಬೇಕಾಗಿತ್ತು. 1986ರಲ್ಲಿ ಬಂದ ಪಾತ್ರಾಭಿನಯದ ಆಟಕ್ಕೆ ಬೇಕಾದದ್ದು ಕತ್ತಲು, ಗುಟ್ಟು, ಯಾರೂ ನಂಬದ ಸಾಕ್ಷಿ. ನಾಲ್ಕು ಜನ ಬಡ ಸಾಹಸಿಗಳು ಚರಂಡಿಗಿಳಿದು ಮೊದಲ ಸ್ಕೇವನನ್ನು ಕಂಡಾಗ ಅವರ ಎದೆ ನಡುಗಬೇಕು. ಮೇಜಿನ ಯುದ್ಧದಾಟಕ್ಕೆ ಬೇಕಾದದ್ದು ಇದರ ತದ್ವಿರುದ್ಧ: ನೂರಾರು ಸ್ಕೇವನ್ ಗೊಂಬೆಗಳು ಹಾಡಹಗಲಿನಲ್ಲಿ, ಬಯಲಿನಲ್ಲಿ, ಸಾಮ್ರಾಜ್ಯದ ಫಿರಂಗಿಗಳೆದುರು ಸಾಲುಗಟ್ಟಿ ನಿಲ್ಲಬೇಕು. ಎರಡೂ ಅಧಿಕೃತ, ಎರಡೂ ಒಂದೇ ಭೂಪಟದ ಮೇಲೆ. ಅದರಿಂದ ಇದನ್ನು ನಾನು ಒಗಟೂ ಅಲ್ಲ, ಮರೆವೂ ಅಲ್ಲ, ಗೊತ್ತಿದ್ದೇ ಉಳಿಸಿಕೊಂಡ ವಿರೋಧಾಭಾಸ ಎನ್ನುತ್ತೇನೆ. ಜೊತೆಗೆ, ಸ್ಕೇವನ್‌ಗಳ ವಿಷಯದಲ್ಲಿ ನಮಗೆ ನಗು ಬರುವುದೂ ಈ ವಿರೋಧಾಭಾಸದಿಂದಲೇ.

ಪ್ರಶ್ನೆ: ಸಾಮ್ರಾಜ್ಯದ ಸ್ಥಾಪಕ ಸಿಗ್ಮಾರ್ ತನ್ನ ಸುತ್ತಿಗೆಯನ್ನು ಕುಬ್ಜರಿಗೆ ಹಿಂದಿರುಗಿಸಲು ಹೋಗಿ ಕಣ್ಮರೆಯಾದನಂತೆ. ಹಾಗಾದರೆ ಅದೇ ಸುತ್ತಿಗೆ ಎರಡೂವರೆ ಸಾವಿರ ವರ್ಷಗಳ ನಂತರ ಕಾರ್ಲ್ ಫ್ರಾಂಜನ ಕೈಗೆ ಬಂದದ್ದು ಹೇಗೆ?

ಉತ್ತರ: ಸುತ್ತಿಗೆಯ ಹೆಸರು ಘಾಲ್ ಮರಾಜ್. ಓರ್ಕ್ ಎಂಬ ಹಸಿರು ರಾಕ್ಷಸರ ಸೆರೆಯಲ್ಲಿದ್ದ ಕುಬ್ಜ ದೊರೆ ಕುರ್ಗಾನ್ ಐರನ್‌ಬಿಯರ್ಡನನ್ನು ಯುವಕ ಸಿಗ್ಮಾರ್ ಬಿಡಿಸಿದ್ದಕ್ಕೆ ಪ್ರತಿಯಾಗಿ ದೊರೆತ ಕೊಡುಗೆ ಅದು. ಬ್ಲ್ಯಾಕ್ ಫೈರ್ ಕಣಿವೆಯ ಯುದ್ಧದಲ್ಲಿ ಮನುಷ್ಯರೂ ಕುಬ್ಜರೂ ಕೂಡಿ ಓರ್ಕ್‌ಗಳನ್ನು ಸದೆಬಡಿದ ಮೇಲೆ ಸಿಗ್ಮಾರ್‌ಗೆ ಪಟ್ಟವಾಯಿತು. ಶಕೆ 50ರಲ್ಲಿ ಆತ ಯಾರಿಗೂ ಕಾರಣ ಹೇಳದೆ ಕಿರೀಟ ಕೆಳಗಿಟ್ಟು ಪೂರ್ವದ ಬೆಟ್ಟಗಳ ಕಡೆಗೆ ನಡೆದ. ಸುತ್ತಿಗೆಯನ್ನು ಕುಬ್ಜರ ರಾಜಧಾನಿ ಕರಾಜ್-ಎ-ಕರಾಕ್‌ಗೆ ತಲುಪಿಸುವುದು ಉದ್ದೇಶವೆಂದು ಕಥೆ ಹೇಳುತ್ತದೆ. ಅದೇ ಕಥೆಯ ಇನ್ನೊಂದು ಪುಟದಲ್ಲಿ, ಶಕೆ 2502ರಲ್ಲಿ ಪಟ್ಟಕ್ಕೆ ಬಂದ ಕಾರ್ಲ್ ಫ್ರಾಂಜ್ ಆ ಸುತ್ತಿಗೆಯನ್ನು ಅಧಿಕಾರದ ಗುರುತಾಗಿ ಹಿಡಿದು ನಿಂತಿದ್ದಾನೆ.

ಅಭಿಮಾನಿಗಳು ಕೊಡುವ ಉತ್ತರಗಳು ಎರಡು. ಕುಬ್ಜರು ಅದನ್ನು ಮುಂದಿನ ಸಾಮ್ರಾಟನಿಗೆ ಮರಳಿಸಿದರು ಎಂಬುದೊಂದು; ಸಿಗ್ಮಾರ್ ಬರಿಗೈಲಿ ಹೋದ, ಸುತ್ತಿಗೆಯ ಮಾತನ್ನು ಆಮೇಲಿನ ಪುರೋಹಿತರು ಸೇರಿಸಿದರು ಎಂಬುದಿನ್ನೊಂದು. ನನಗೆ ಎರಡನೆಯದು ಹೆಚ್ಚು ಒಪ್ಪಿಗೆ, ಏಕೆಂದರೆ ಮೊದಲನೆಯದು ಕುಬ್ಜರ ಸ್ವಭಾವಕ್ಕೇ ಹೊಂದುವುದಿಲ್ಲ. ಅವರಲ್ಲಿ ಕೊಡುಗೆಯೆಂದರೆ ಋಣ ತೀರಿಸುವ ಬಗೆ. ಒಬ್ಬ ದೊರೆಯ ಪ್ರಾಣಕ್ಕೆ ಪ್ರತಿಯಾಗಿ ಕೊಟ್ಟ ವಸ್ತುವನ್ನು ವಾಪಸು ತಂದಿಟ್ಟರೆ 'ನಿಮ್ಮ ದೊರೆಯ ಪ್ರಾಣ ಇಷ್ಟು ಬಾಳುವುದಿಲ್ಲ' ಎಂದು ಹೇಳಿದಂತಾಗುತ್ತದೆ. ಅದನ್ನು ಕುಬ್ಜರು ಸ್ವೀಕರಿಸುತ್ತಿದ್ದರೇ, ಇಲ್ಲವೇ ತಮಗಾದ ಅನ್ಯಾಯಗಳನ್ನು ಬರೆದಿಡುವ ಹಗೆಯ ಪುಸ್ತಕದಲ್ಲಿ ಒಂದು ಹೊಸ ಸಾಲು ಬರೆಯುತ್ತಿದ್ದರೇ ಎಂದು ಯೋಚಿಸಿ ನೋಡಿ. ಕುಬ್ಜರೊಡನೆ ಜೀವಮಾನವಿಡೀ ಒಡನಾಡಿದ ಸಿಗ್ಮಾರ್‌ಗೆ ಇಷ್ಟು ತಿಳಿಯದಿರಲು ಸಾಧ್ಯವಿಲ್ಲ. ಹೀಗೆಂದರೂ ಇದು ನನ್ನ ಊಹೆಯೇ ಹೊರತು ಪಠ್ಯದ ಮಾತಲ್ಲ. ಮುಂದೆ ದೇವರಾಗಿ ಪೂಜೆಗೊಂಡ ಸಿಗ್ಮಾರ್‌ನ ಕಣ್ಮರೆಗೊಂದು ಗಂಭೀರ ಪ್ರಯಾಣ ಬೇಕಿತ್ತು, ಈಗಿನ ಸಾಮ್ರಾಟನ ಗೊಂಬೆಯ ಕೈಗೊಂದು ಹೆಸರಾಂತ ಆಯುಧ ಬೇಕಿತ್ತು. ಎರಡನ್ನೂ ಬರೆದರು, ನಡುವಿನ ದಾರಿಯನ್ನು ಬರೆಯಲಿಲ್ಲ. ಲೋಪವೆಂದೇ ಬರೆದುಕೊಳ್ಳಿ.

ಪ್ರಶ್ನೆ: ಸಾಮ್ರಾಜ್ಯದಲ್ಲಿ ಉಗಿಯಿಂದ ನಡೆಯುವ ಯುದ್ಧರಥಗಳು ಎಷ್ಟಿವೆ?

ಉತ್ತರ: ಮಿರಾಗ್ಲಿಯಾನೋದ ಲಿಯೊನಾರ್ಡೊ ಕಟ್ಟಿದ್ದು 12, ಉಳಿದಿರುವುದು 8, ಹೊಸದನ್ನು ಕಟ್ಟುವ ವಿದ್ಯೆ ಆತನೊಂದಿಗೇ ಹೋಯಿತು ಎಂದು ಪುಸ್ತಕ ಹೇಳುತ್ತದೆ. ಒಂದು ದೊಡ್ಡ ಪಂದ್ಯಾವಳಿಯ ಸಭಾಂಗಣದಲ್ಲಿ ಅದಕ್ಕಿಂತ ಹೆಚ್ಚು ಉಗಿರಥಗಳು ಏಕಕಾಲಕ್ಕೆ ಕಾಣಸಿಗಬಹುದು. ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಮಾಲೆಕಿತ್ ಪವಿತ್ರಾಗ್ನಿಯಲ್ಲಿ ಸುಟ್ಟುಹೋದದ್ದು ಆತ ಅಯೋಗ್ಯನಾಗಿದ್ದರಿಂದ ಎಂದು ಓದಿಕೊಂಡು ಬಂದವರು ನಾವು. ಕೊನೆಯಲ್ಲಿ ಆತನೇ ನಿಜವಾದ ರಾಜನೆಂದು ಹೇಳಿದ್ದು ನ್ಯಾಯವೇ?

ಉತ್ತರ: ಮೊದಲು ಹಿನ್ನೆಲೆ. ಉಲ್ಥುವಾನ್ ದ್ವೀಪದ ಎಲ್ಫ್‌ಗಳಲ್ಲಿ ಫೀನಿಕ್ಸ್ ರಾಜನಾಗುವವನು ಅಸುರ್ಯಾನ್ ದೇವರ ಜ್ವಾಲೆಯ ಮೂಲಕ ನಡೆದು ಹೊರಬರಬೇಕು. ಮೊದಲು ಹಾಗೆ ನಡೆದವನು ಏನಾರಿಯನ್. ಅವನ ನಂತರ ಮಗ ಮಾಲೆಕಿತ್‌ನನ್ನು ಬಿಟ್ಟು ಬೆಲ್ ಶನಾರ್‌ನನ್ನು ರಾಜಕುಮಾರರು ಆರಿಸಿದರು. ಎಷ್ಟೋ ಶತಮಾನಗಳ ಬಳಿಕ ಮಾಲೆಕಿತ್ ಆ ರಾಜನಿಗೆ ವಿಷವಿಕ್ಕಿ, ತಾನೇ ಜ್ವಾಲೆಗೆ ಕಾಲಿಟ್ಟ. ಬೆಂಕಿ ಅವನನ್ನು ಬೇಯಿಸಿ ಹೊರಗೆಸೆಯಿತು. ಎಲ್ಫ್ ಕುಲ ಉಲ್ಥುವಾನಿನ ಹೈ ಎಲ್ಫ್‌ಗಳು, ಮಾಲೆಕಿತ್‌ನ ಡಾರ್ಕ್ ಎಲ್ಫ್‌ಗಳು ಎಂದು ಎರಡಾಗಿ ಸೀಳಿದ್ದು ಅಲ್ಲಿಂದ. ಈ ಕಥೆಯ ಅರ್ಥದಲ್ಲಿ ಹಲವು ಆವೃತ್ತಿಗಳವರೆಗೆ ಯಾವ ಸಂದೇಹವೂ ಇರಲಿಲ್ಲ: ಕೊಲೆಗಡುಕನನ್ನು ದೇವರು ತಿರಸ್ಕರಿಸಿದ.

2014ರಲ್ಲಿ ಆರಂಭವಾದ ಅಂತ್ಯಕಾಲದ ಕಥಾಸರಣಿ ಇದನ್ನು ತಲೆಕೆಳಗು ಮಾಡಿತು. ಜ್ವಾಲೆ ಎಲ್ಲರನ್ನೂ ಸುಡುತ್ತದೆ, ಏನಾರಿಯನ್‌ನನ್ನೂ ಸುಟ್ಟಿತ್ತು. ಆ ನೋವನ್ನು ಕೊನೆತನಕ ತಾಳಿಕೊಳ್ಳುವುದೇ ಪರೀಕ್ಷೆ. ಮಾಲೆಕಿತ್ ಇನ್ನೊಂದು ಕ್ಷಣ ಒಳಗೆ ನಿಂತಿದ್ದರೆ ಗೆದ್ದಿರುತ್ತಿದ್ದ. ಬೆಲ್ ಶನಾರ್‌ನಿಂದ ಹಿಡಿದು ಮುಂದಿನ ರಾಜರೆಲ್ಲ ಮಂತ್ರರಕ್ಷೆಯ ಮರೆಯಲ್ಲಿ ದಾಟಿದವರು ಎಂಬುದು ಹೊಸ ವಿವರಣೆ. ಹಿಂದಿನದನ್ನು ತಿದ್ದುವ ಇಂಥ ಬರವಣಿಗೆಗೆ ಆಟಗಾರರು ರೆಟ್‌ಕಾನ್ ಎನ್ನುತ್ತಾರೆ, ಬಹುಪಾಲು ಸಿಟ್ಟಿನಲ್ಲಿ.

ಸಿಟ್ಟನ್ನು ಸ್ವಲ್ಪ ಪಕ್ಕಕ್ಕಿಟ್ಟು ನೋಡಿದರೆ ಹೊಸ ವಿವರಣೆಯ ಪರವಾಗಿಯೂ ಒಂದೆರಡು ಮಾತಿವೆ. ಹಳೆಯ ವೃತ್ತಾಂತ ನಮಗೆ ತಲುಪಿದ್ದು ಉಲ್ಥುವಾನಿನ ಬಖೈರುಗಳಿಂದ, ಅಂದರೆ ಆ ಅಂತರ್ಯುದ್ಧದಲ್ಲಿ ದ್ವೀಪವನ್ನು ಉಳಿಸಿಕೊಂಡವರ ಬಾಯಿಂದ; ಅವರಿಗೆ ಮಾಲೆಕಿತ್ ಅಯೋಗ್ಯನೆಂದೇ ಬರೆಯಬೇಕಾದ ಅಗತ್ಯವಿತ್ತು. ಏನಾರಿಯನ್‌ನ ನಂತರದ ರಾಜರ ಗತಿಯನ್ನು ನೋಡಿದರೂ ಅನುಮಾನಕ್ಕೆ ಎಡೆಯಿದೆ. ಬೆಲ್ ಶನಾರ್‌ಗೆ ವಿಷ, ಮೊದಲನೆಯ ಕ್ಯಾಲೆಡಾರ್ ಸಮುದ್ರಪಾಲು, ಎರಡನೆಯ ಕ್ಯಾಲೆಡಾರ್ ಕುಬ್ಜ ದೊರೆಯ ಕೊಡಲಿಗೆ ಬಲಿ, ಏಥಿಸ್‌ಗೆ ಆಪ್ತನೇ ಹಾಕಿದ ಚೂರಿ. ದೇವರ ಕೃಪೆಯುಳ್ಳ ಸಿಂಹಾಸನದ ಲಕ್ಷಣ ಇದಲ್ಲ.

ಇಷ್ಟಾದರೂ ನನ್ನ ಆಕ್ಷೇಪ ಎರಡು. ಒಂದು, ರಾಜನಿಗೆ ವಿಷವಿಕ್ಕಿ ಬಂದವನನ್ನು ಅಸುರ್ಯಾನ್ ಸ್ವೀಕರಿಸಲು ಸಿದ್ಧನಿದ್ದನೆಂದರೆ ಆ ದೇವರ ನ್ಯಾಯ ಎಂಥದ್ದೆಂಬ ಪ್ರಶ್ನೆಯನ್ನು ಹೊಸ ಕಥೆ ಎತ್ತಿಕೊಳ್ಳುವುದೇ ಇಲ್ಲ. ಎರಡು, ಮೇಲೆ ಹೇಳಿದ ದುರ್ಮರಣಗಳನ್ನು ಬರೆದಾಗ ಲೇಖಕರಿಗೆ ಈ ಉದ್ದೇಶವಿತ್ತೆಂಬುದರ ಸುಳಿವು ಹಳೆಯ ಪುಸ್ತಕಗಳಲ್ಲಿಲ್ಲ. ಸಾಕ್ಷಿಗಳನ್ನು ತೀರ್ಪಿನ ಆಮೇಲೆ ಹುಡುಕಿ ತಂದಂತಿದೆ. ಆದ್ದರಿಂದ ಹೊಸ ವಿವರಣೆ ಅಸಾಧ್ಯವಲ್ಲ, ಆದರೆ ಓದುಗನಿಗೆ ಅದನ್ನು ಊಹಿಸುವ ಅವಕಾಶವನ್ನು ಎಂದೂ ಕೊಡಲಿಲ್ಲ. ಮಾಲೆಕಿತ್ ಬದುಕಿಡೀ ನಂಬಿದ್ದ ಸುಳ್ಳೊಂದು ಕೊನೆಗೆ ನಿಜವಾಗಿಬಿಟ್ಟರೆ, ಆ ಪಾತ್ರದ ದುರಂತವೇ ಸೊರಗುತ್ತದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಓದುಗರು ಬಹಳ ಮಂದಿ ಇರುವರೆಂದೂ ಬಲ್ಲೆ.

ಪ್ರಶ್ನೆ: ಕುಬ್ಜರ ವ್ಯಾಪಾರಿಗಳನ್ನು ದೋಚಿದವರು ಡಾರ್ಕ್ ಎಲ್ಫ್‌ಗಳೆಂದು ಗೊತ್ತಾದ ಮೇಲೂ ಕುಬ್ಜರು ಹೈ ಎಲ್ಫ್‌ಗಳನ್ನು ಕ್ಷಮಿಸಲಿಲ್ಲವೇಕೆ?

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂದು ಕುಬ್ಜರನ್ನು ದೂರುವವರು ಯುದ್ಧದ ಮೊದಲ ಪುಟವನ್ನು ಮಾತ್ರ ಓದಿರುತ್ತಾರೆ. ಮಾಲೆಕಿತ್‌ನ ಕಡೆಯವರು ವೇಷ ಮರೆಸಿಕೊಂಡು ಸರಕುಬಂಡಿಗಳ ಮೇಲೆ ಬಿದ್ದದ್ದು ನಿಜ. ಆದರೆ ಪರಿಹಾರ ಕೇಳಲು ಉಲ್ಥುವಾನಿಗೆ ಹೋದ ಕುಬ್ಜ ರಾಯಭಾರಿಗಳ ಗಡ್ಡ ಬೋಳಿಸಿ ಕಳುಹಿಸಿದವನು ಎರಡನೆಯ ಕ್ಯಾಲೆಡಾರ್, ಅಪ್ಪಟ ಹೈ ಎಲ್ಫ್ ರಾಜ. ಎಲ್ಫ್‌ಗಳೇ ಆ ಯುದ್ಧವನ್ನು ಗಡ್ಡದ ಯುದ್ಧವೆಂದು ಹಾಸ್ಯ ಮಾಡುತ್ತಾರೆ. ಕುಬ್ಜರ ಬಾಯಲ್ಲಿ ಅದು ಸೇಡಿನ ಯುದ್ಧ. ದೊರೆ ಗೊಟ್ರೆಕ್ ಸ್ಟಾರ್‌ಬ್ರೇಕರ್‌ನ ಮಗ ಸ್ನೋರ್ರಿಯನ್ನು ಕೊಂದವನೂ ಅದೇ ಕ್ಯಾಲೆಡಾರ್. ಕೊನೆಗೆ ಗೊಟ್ರೆಕ್ ಆ ರಾಜನನ್ನು ಕೊಂದು ಫೀನಿಕ್ಸ್ ಕಿರೀಟವನ್ನು ಹೊತ್ತೊಯ್ದ; ಅದು ಇಂದಿಗೂ ಕುಬ್ಜರ ರಾಜಧಾನಿಯಲ್ಲಿದೆ, ಎಲ್ಫ್‌ಗಳು ಬೇರೊಂದನ್ನು ಮಾಡಿಸಿಕೊಂಡರು.

ಮಹಾ ಹಗೆಯ ಪುಸ್ತಕವೆಂಬ ದಮ್ಮಾಜ್ ಕ್ರೋನ್‌ನಲ್ಲಿ ಪ್ರತಿಯೊಂದು ಅಪರಾಧಕ್ಕೂ ಬೇರೆ ಬೇರೆ ನಮೂದು. ದರೋಡೆಯ ಸಾಲನ್ನು ಡಾರ್ಕ್ ಎಲ್ಫ್‌ಗಳ ಹೆಸರಿಗೆ ವರ್ಗಾಯಿಸಿದರೂ ಗಡ್ಡದ ಸಾಲು, ರಾಜಕುಮಾರನ ಸಾಲು ಹೈ ಎಲ್ಫ್‌ಗಳ ಹೆಸರಿನಲ್ಲೇ ಉಳಿಯುತ್ತವೆ. ಇಲ್ಲಿ ಲೋಪವಿಲ್ಲ, ಲೆಕ್ಕ ಕುಬ್ಜರ ಮಟ್ಟಿಗೆ ಸರಿಯಾಗಿಯೇ ಇದೆ.

ಪ್ರಶ್ನೆ: ಪಕ್ಕದ ಸಾಮ್ರಾಜ್ಯದಲ್ಲಿ ಫಿರಂಗಿ, ಬಂದೂಕು, ಉಗಿರಥಗಳಿರುವಾಗ ಬ್ರೆಟೋನಿಯಾ ಕುದುರೆ ಮತ್ತು ಈಟಿಗಳಲ್ಲೇ ಉಳಿದು ಇನ್ನೂ ಬದುಕಿರುವುದು ಹೇಗೆ?

ಉತ್ತರ: ಕಥೆಯ ಉತ್ತರ ಸುಲಭ. ದೂರದಿಂದ ಕೊಲ್ಲುವುದು ಬ್ರೆಟೋನಿಯಾದ ವೀರರಿಗೆ ಹೇಡಿತನ. ಸರೋವರದ ದೇವಿಯ ಆಶೀರ್ವಾದ ಪಡೆದವರಿಗೆ ಗುಂಡುಗಳು ಅಷ್ಟು ಸುಲಭವಾಗಿ ತಾಗುವುದೂ ಇಲ್ಲ. ಕುಲೀನರಲ್ಲದ ರೈತಾಳುಗಳಿಗೆ ದೂರದಿಂದ ಕೊಲ್ಲೆವೆಂಬ ಈ ಪ್ರತಿಜ್ಞೆ ಅನ್ವಯಿಸದ ಕಾರಣ ಬಿಲ್ಲುಗಳೂ ಬೃಹತ್ ಕವಣೆಯಂತ್ರಗಳೂ ಸೈನ್ಯದಲ್ಲಿವೆ. 1993ರ ನೌಕಾಯುದ್ಧದಾಟದಲ್ಲಂತೂ ಬ್ರೆಟೋನಿಯಾದ ಹಡಗುಗಳಿಗೆ ಫಿರಂಗಿಗಳೇ ಇದ್ದವು. ಪ್ರತಿಜ್ಞೆ ನೆಲಕ್ಕೆ ಮಾತ್ರ, ನೀರಿಗಲ್ಲ ಎಂದು ಅಭಿಮಾನಿಗಳು ಅದನ್ನು ಸಮರ್ಥಿಸುತ್ತಾರೆ. ಇಂಥ ನೆಪ ಹುಡುಕುವ ಧರ್ಮಶಾಸ್ತ್ರ ಆ ನಾಡಿನ ಕುಲೀನರಿಗೆ ತಕ್ಕುದಾಗಿಯೇ ಇದೆ ಎನ್ನಬೇಕು.

ನಿಜವಾದ ಕಾರಣ ಪ್ರಕಟಣೆಯ ಚರಿತ್ರೆಯಲ್ಲಿದೆ. 1980ರ ದಶಕದ ಬ್ರೆಟೋನಿಯಾ ಕ್ರಾಂತಿಯ ಹೊಸ್ತಿಲಲ್ಲಿದ್ದ ಫ್ರಾನ್ಸಿನ ವ್ಯಂಗ್ಯಚಿತ್ರ: ಸುಗಂಧ ಪೂಸಿಕೊಂಡ ಕುಲೀನರು, ಹಸಿದ ಜನ, ಎಲ್ಲೆಡೆ ಕೊಳೆತ. ಅದು ಸಾಮ್ರಾಜ್ಯದ ಕಾಲಕ್ಕಿಂತ ಹಿಂದಿರಲಿಲ್ಲ, ಮುಂದೆಯೇ ಇತ್ತು. 1996ರ ಸೇನಾ ಪುಸ್ತಕ ಅದನ್ನು ಆರ್ಥರ್ ರಾಜನ ದಂತಕಥೆಯ ಬಣ್ಣದಲ್ಲಿ ಮರುಸೃಷ್ಟಿಸಿತು. ಹೀಗೆ ಒಂದೇ ನಾಡು ಕೆಲವೇ ವರ್ಷಗಳಲ್ಲಿ ಹಲವು ಶತಮಾನ ಹಿಂದಕ್ಕೆ ಸರಿಯಿತು, ನೆರೆಯ ಸಾಮ್ರಾಜ್ಯ ಇದ್ದಲ್ಲೇ ಉಳಿಯಿತು. ಎರಡರ ನಡುವಿನ ಗಡಿಯಲ್ಲಿ ನಿಂತ ವ್ಯಾಪಾರಿಯೊಬ್ಬ ಬಂದೂಕಿನ ಮದ್ದನ್ನು ಏಕೆ ಸಾಗಿಸುವುದಿಲ್ಲ ಎಂಬುದಕ್ಕೆ ಉತ್ತರ ಹುಡುಕುವ ಹೊಣೆ ಆಟಗಾರರ ಮೇಲೆ ಬಿತ್ತು.

ಪ್ರಶ್ನೆ: ಓರ್ಕ್‌ಗಳು ಹುಟ್ಟುವುದು ಹೇಗೆ? ಬೀಜಕಣಗಳಿಂದಲೇ?

ಉತ್ತರ: ಬೀಜಕಣಗಳ ವಿವರಣೆ ಇದೇ ಸಂಸ್ಥೆಯ ಇನ್ನೊಂದು ಜಗತ್ತಾದ ವಾರ್‌ಹ್ಯಾಮರ್ 40,000ಕ್ಕೆ ಸೇರಿದ್ದು, ಅಲ್ಲಿ ಅದು ಖಚಿತ. ಹಳೆಯ ಲೋಕದ ಆರಂಭದ ಆವೃತ್ತಿಗಳಲ್ಲಿ ಅರ್ಧ-ಓರ್ಕ್‌ಗಳೆಂಬ ಮಿಶ್ರಸಂತಾನದ ಪಡೆಗಳಿದ್ದವು, ಎಂದರೆ ಆಗ ಓರ್ಕ್ ಹೆಂಗಸರನ್ನೋ ಗಂಡಸರನ್ನೋ ಲೇಖಕರು ಕಲ್ಪಿಸಿಕೊಂಡಿದ್ದರೆಂದೇ ಆಯಿತು. ಆಮೇಲೆ ಆ ಪಡೆಗಳನ್ನು ಸದ್ದಿಲ್ಲದೆ ಕೈಬಿಟ್ಟರು. ಅಂದಿನಿಂದ ಓರ್ಕ್ ಮರಿಯನ್ನು ಕಂಡವರಿಲ್ಲ.

ಪ್ರಶ್ನೆ: ವಾರ್‌ಹ್ಯಾಮರ್ 40,000ರ ಪ್ರಕಾರ ಸ್ಲಾನೇಶ್ ಎಂಬ ದುಷ್ಟದೇವರು ಹುಟ್ಟಿದ್ದು ಎಲ್ದಾರ್ ಎಂಬ, ಎಲ್ಫ್‌ಗಳನ್ನು ಹೋಲುವ ಕುಲದ ಪತನದಿಂದ, ಅದೂ ದೂರದ ಭವಿಷ್ಯದಲ್ಲಿ. ಹಳೆಯ ಲೋಕದಲ್ಲಿ ಅದೇ ದೇವರು ಏನಾರಿಯನ್‌ನ ಕಾಲದಲ್ಲೇ ಇರುವುದು ಹೇಗೆ?

ಉತ್ತರ: ಏನಾರಿಯನ್ ಎದುರಿಸಿದ ದೈತ್ಯರಲ್ಲಿ ಸ್ಲಾನೇಶನ ಸೇವಕ ಎನ್‌ಕಾರಿಯೂ ಒಬ್ಬನಾದ್ದರಿಂದ ನಿಮ್ಮ ಕಾಲಗಣನೆ ಸರಿಯಾಗಿದೆ. ಚಾಲ್ತಿಯಲ್ಲಿರುವ ಉತ್ತರವೆಂದರೆ, ಕೇಯಾಸ್ ಎಂಬ, ಸ್ಲಾನೇಶನಂಥ ದುಷ್ಟದೇವರುಗಳ ಲೋಕದಲ್ಲಿ ಕಾಲವೆಂಬುದಿಲ್ಲ. ಒಮ್ಮೆ ಹುಟ್ಟಿದ ದೇವರು ಎಂದೆಂದಿಗೂ ಇದ್ದವನೇ. ತರ್ಕವಾಗಿ ಇದು ನಿಲ್ಲುತ್ತದೆ, ಕಥೆಯಾಗಿ ನಿಲ್ಲುವುದಿಲ್ಲ. ಎಂದೆಂದಿಗೂ ಇದ್ದವನ ಹುಟ್ಟಿಗಾಗಿ ಒಂದು ಕುಲವೇ ಅಳಿಯಿತೆಂದು ಮರುಗುವುದಕ್ಕೆ ಕಾರಣವೇ ಉಳಿಯುವುದಿಲ್ಲವಲ್ಲ.

1988ರಲ್ಲಿ ಕೇಯಾಸ್ ಕುರಿತ ಮೊದಲ ದೊಡ್ಡ ಗ್ರಂಥ ಬಂದಾಗ ಎರಡು ಆಟಗಳಿಗೂ ಅದನ್ನೇ ಬಳಸುವಂತೆ ಬರೆಯಲಾಗಿತ್ತು. ಹಳೆಯ ಲೋಕವು 40,000ರ ನಕ್ಷತ್ರಮಂಡಲದಲ್ಲೇ ಎಲ್ಲೋ ಬಿರುಗಾಳಿಗಳ ನಡುವೆ ಮರೆಯಾದ ಗ್ರಹವೆಂಬ ಸೂಚನೆಗಳೂ ಆ ಕಾಲದಲ್ಲಿದ್ದವು. ಆಮೇಲೆ ಎರಡೂ ಜಗತ್ತುಗಳು ದೂರವಾದವು, ದೇವರುಗಳು ಮಾತ್ರ ಎರಡು ಮನೆಗಳಲ್ಲೂ ಉಳಿದುಕೊಂಡರು. ನನ್ನ ಸಲಹೆಯೆಂದರೆ ಇವೆರಡನ್ನೂ ಒಂದೇ ಹೆಸರಿನ ಬೇರೆ ಬೇರೆ ದೇವರೆಂದು ಓದಿಕೊಳ್ಳಿ. ಇಲ್ಲಿಗೇ ಹೊಂದುವ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ಮಲಾಲ್ ಎಂಬ ಕೇಯಾಸ್ ದೇವರು ಆರಂಭದಲ್ಲಿದ್ದು ಆಮೇಲೆ ಕಾಣದಾದದ್ದಕ್ಕೆ ಯಾವ ದೈವಿಕ ಕಾರಣವೂ ಇಲ್ಲ. ಅವನನ್ನು ಒಂದು ಚಿತ್ರಕಥೆಗಾಗಿ ಹೊರಗಿನ ಲೇಖಕರು ಸೃಷ್ಟಿಸಿದ್ದರು. ಹಕ್ಕುಸ್ವಾಮ್ಯದ ತೊಡಕಿನಿಂದ ಸಂಸ್ಥೆ ಕೈಬಿಟ್ಟಿತು.

ಪ್ರಶ್ನೆ: ಗ್ರಿಮ್‌ಗಾರ್ ಎಂಬ ಓರ್ಕ್ ನಾಯಕ ಆರ್ಕೇಯಾನ್‌ನನ್ನು ಹಣೆಯಿಂದ ಗುದ್ದಿ ಕೆಡವಿದ ಕಥೆ ನಿಜವೋ ಸುಳ್ಳೋ? ಹೊಸ ಪುಸ್ತಕಗಳಲ್ಲಿ ಅದರ ಸುಳಿವೇ ಇಲ್ಲ.

ಉತ್ತರ: ನಡೆದದ್ದು ನಿಜ, ನಂತರ ನಡೆಯಲಿಲ್ಲವೆಂದಾದದ್ದೂ ನಿಜ. 2004ರ ಬೇಸಿಗೆಯಲ್ಲಿ ಸಂಸ್ಥೆ 'ಸ್ಟಾರ್ಮ್ ಆಫ್ ಕೇಯಾಸ್' ಎಂಬ ಜಾಗತಿಕ ಅಭಿಯಾನ ನಡೆಸಿತು. ಆಟಗಾರರು ತಾವಾಡಿದ ಯುದ್ಧಗಳ ಫಲಿತಾಂಶ ಕಳುಹಿಸಬೇಕು, ಕಥೆ ಅದರಂತೆ ಮುಂದುವರಿಯಬೇಕು. ಕೇಯಾಸ್‌ನ ದಂಡನಾಯಕ ಆರ್ಕೇಯಾನ್ ಉತ್ತರದಿಂದ ಇಳಿದು ಮಿಡನ್‌ಹೈಮ್ ನಗರವನ್ನು ಮುತ್ತಬೇಕೆಂಬುದು ಯೋಜನೆ. ಅವನೆದುರಿಗೆ ವಾಲ್ಟನ್ ಎಂಬ ಕಮ್ಮಾರರ ಹುಡುಗ; ಎದೆಯ ಮೇಲಿನ ಎರಡು ಬಾಲದ ಧೂಮಕೇತುವಿನ ಮಚ್ಚೆಯನ್ನು ಕಂಡು ಜನ ಅವನನ್ನು ಸಿಗ್ಮಾರ್‌ನ ಪುನರವತಾರವೆಂದು ಕೊಂಡಾಡಿದರು, ಸಾಮ್ರಾಟ ತನ್ನ ಸುತ್ತಿಗೆಯನ್ನೇ ಅವನ ಕೈಗಿತ್ತ.

ಯೋಜನೆ ಕೈಗೂಡಲಿಲ್ಲ. ಆಟಗಾರರ ಫಲಿತಾಂಶಗಳಲ್ಲಿ ಕೇಯಾಸ್ ಪಡೆಗಳು ಎಣಿಸಿದಷ್ಟು ಮುಂದೆ ಬರಲೇ ಇಲ್ಲ, ಮಿಡನ್‌ಹೈಮ್ ಬೀಳಲಿಲ್ಲ. ಕಥೆಗಾರರು ಒಂದು ಮುಕ್ತಾಯವನ್ನು ಹೊಂದಿಸಲೇಬೇಕಾಗಿ ಬಂದಾಗ ವಾಲ್ಟನ್ ಮತ್ತು ಆರ್ಕೇಯಾನ್‌ರ ದ್ವಂದ್ವದ ನಡುವೆ ಗ್ರಿಮ್‌ಗಾರ್ ನುಗ್ಗಿ, ಜಗದೇಕವೀರನೆನ್ನಿಸಿಕೊಂಡವನನ್ನು ನೆಲಕ್ಕೆ ಕೆಡವಿ, ತಾನೇ ಎಲ್ಲರಿಗಿಂತ ಮಿಗಿಲೆಂದು ಸಾರಿ, ಕೊಲ್ಲದೆ ಹೊರಟುಹೋದ. ಓರ್ಕ್ ಆಟಗಾರರಿಗೆ ಇಂದಿಗೂ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಲೋಕಾಂತ್ಯವನ್ನು ತರಬೇಕಾದವನ ಮಾನ ಮಾತ್ರ ಆವತ್ತೇ ಹೋಯಿತು.

ಸಂಸ್ಥೆ ಆಮೇಲೆ ಮಾಡಿದ್ದು ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ಕೆಲಸ. ಮುಂದಿನ ಪುಸ್ತಕಗಳು ಕಾಲರೇಖೆಯನ್ನು ಆ ದಾಳಿಗೆ ಮೊದಲೇ ನಿಲ್ಲಿಸಿ, ಆರ್ಕೇಯಾನ್ ಇನ್ನೂ ಸಿದ್ಧತೆಯಲ್ಲಿದ್ದಾನೆಂದು ಬರೆದವು. 2014-15ರ ಅಂತ್ಯಕಾಲದ ಕಥೆ ಅದೇ ದಾಳಿಯನ್ನು ಹೊಸದಾಗಿ ಹೇಳಿತು, ಈ ಬಾರಿ ಆಟಗಾರರನ್ನು ಕೇಳದೆ. ಮಿಡನ್‌ಹೈಮ್ ಬಿತ್ತು, ವಾಲ್ಟನ್ ಕೊಲೆಯಾದ, ಗ್ರಿಮ್‌ಗಾರ್ ಆರ್ಕೇಯಾನ್‌ನ ಕೈಯಲ್ಲೇ ಸತ್ತ. ಹಳೆಯ ಅವಮಾನದ ಸೇಡನ್ನು ಪಾತ್ರ ತೀರಿಸಿಕೊಂಡಿತೋ ಲೇಖಕರು ತೀರಿಸಿಕೊಂಡರೋ ಹೇಳುವುದು ಕಷ್ಟ.

ಇದರಿಂದ ಉಳಿದ ತೊಡಕು ಸಣ್ಣದಲ್ಲ. 2004ರ ಯುದ್ಧದಲ್ಲಿ ಸತ್ತವರು, ಗೆದ್ದವರು, ಆಗ ಬದಲಾದ ಗಡಿಗಳನ್ನು ನಂಬಿ ಬರೆದ ಪಾತ್ರಾಭಿನಯದ ಪುಸ್ತಕಗಳೂ ಇವೆ. ಅವುಗಳಲ್ಲಿ ಯುದ್ಧಾನಂತರದ ಪಾಳು ಊರುಗಳು, ನಿರಾಶ್ರಿತರು, ಚದುರಿದ ಮೃಗಮಾನವರ ಗುಂಪುಗಳು ಕಥೆಯ ಜೀವಾಳ. ಆ ಪುಸ್ತಕಗಳನ್ನು ಈಗ ತಪ್ಪೆನ್ನುವುದೇ? ನಾನು ಹಾಗೆನ್ನಲಾರೆ. ಹಣ ಕೊಟ್ಟು ಕೊಂಡು ಸ್ವತಃ ಆಡಿ ಫಲಿತಾಂಶ ಕಳುಹಿಸಿದವರಿಗೆ ನಿಮ್ಮ ಯುದ್ಧ ನಡೆಯಲೇ ಇಲ್ಲವೆಂದು ಹೇಳಿದ್ದು, ಈ ಕಥಾಲೋಕದ ಎಲ್ಲ ಲೋಪಗಳಿಗಿಂತ ನನಗೆ ಹೆಚ್ಚು ಚುಚ್ಚುತ್ತದೆ. ನಿಮ್ಮ ಮೇಜಿನ ಮೇಲೆ ಯಾವ ಅಂತ್ಯ ಬೇಕೋ ಅದನ್ನು ಆರಿಸಿಕೊಳ್ಳಿ. ಎರಡನ್ನೂ ಒಂದೇ ಕಾಲರೇಖೆಗೆ ತುರುಕುವ ಪ್ರಯತ್ನಕ್ಕೆ ಮಾತ್ರ ಕೈಹಾಕಬೇಡಿ.

ಪ್ರಶ್ನೆ: ಮನುಷ್ಯರ ಅತಿ ದೊಡ್ಡ ಸಾಮ್ರಾಜ್ಯವಾದ ಕ್ಯಾಥೇ ಲೋಕಾಂತ್ಯದ ಹೊತ್ತಿನಲ್ಲಿ ಎಲ್ಲಿತ್ತು?

ಉತ್ತರ: ಭೂಪಟದ ಪೂರ್ವದ ಅಂಚಿನಲ್ಲಿ, ಒಂದು ಹೆಸರಾಗಿ. ಆಗ ಅದಕ್ಕೆ ಗೊಂಬೆಗಳಿರಲಿಲ್ಲ, ಸೇನಾ ಪುಸ್ತಕವಿರಲಿಲ್ಲ. ಆದ್ದರಿಂದ ಕಥೆಯಲ್ಲೂ ಅದಕ್ಕೆ ಪಾತ್ರವಿರಲಿಲ್ಲ. ಡ್ರ್ಯಾಗನ್ ಚಕ್ರವರ್ತಿ, ಅವನ ಮಕ್ಕಳು, ಉತ್ತರದ ಮಹಾಗೋಡೆಯ ಕಾವಲು ಇವೆಲ್ಲ ವಿವರವಾಗಿ ಮೂಡಿದ್ದು 2022ರಲ್ಲಿ ಬಿಡುಗಡೆಯಾದ ಕಂಪ್ಯೂಟರ್ ಆಟದಿಂದ. ಮೇಜಿನ ಆಟಕ್ಕೆ ಕ್ಯಾಥೇ ಸೈನ್ಯ ಬಂದದ್ದು 2025ರಲ್ಲಿ. ಈಗ ಹಿಂದಿರುಗಿ ನೋಡಿದರೆ, ಅಷ್ಟು ಬಲಶಾಲಿಯಾದ ನಾಡು ಲೋಕ ಮುಳುಗುವಾಗ ಸುಮ್ಮನಿದ್ದದ್ದು ವಿಚಿತ್ರವಾಗಿ ಕಾಣುವುದು ಸಹಜ. ಮಹಾಗೋಡೆಯ ಬಳಿಯೂ ಅದೇ ಹೊತ್ತಿಗೆ ಯುದ್ಧ ನಡೆಯುತ್ತಿದ್ದಿರಬೇಕೆಂದು ಊಹಿಸಬಹುದು, ಊಹೆಗೆ ಅಡ್ಡಿಯೂ ಇಲ್ಲ. ಆದರೆ ಈಗಿನ ಆಟದ ಕಥೆ ನಡೆಯುವುದು ಶಕೆ 2276ರ ಸುಮಾರಿಗೆ, ಕಾರ್ಲ್ ಫ್ರಾಂಜ್ ಪಟ್ಟಕ್ಕೆ ಬರುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲು. ಕ್ಯಾಥೇಯ ಕೊನೆಯ ದಿನಗಳನ್ನು ಬರೆಯಬೇಕಾದ ಅವಸರ ಸದ್ಯಕ್ಕೆ ಯಾರಿಗೂ ಇಲ್ಲ.